ಟೇಲ್ ಲೈಟ್ ಫ್ಯೂಸ್ ಪದೇ ಪದೇ ಹೋಗ್ತದ, ಇಡೀ ವೈರಿಂಗ್ ಬದಲಿಸ್ಬೇಕಾ?

ಪ್ರಶ್ನೆ: ಅಣ್ಣಾರ, ನಮ್ದು ಸಿಂಧನೂರು. 8 ವರ್ಷದ ಹಳೇ ಡೀಸೆಲ್ ಕಾರು ಅದ. ಎರಡು ತಿಂಗಳಿಂದ ಹಿಂದಿನ ಲೈಟಿನ 10 ಆಂಪಿಯರ್ ಫ್ಯೂಸ್ ಹೋಗ್ಲಿಕ್ಕತ್ತದ. ಒಮ್ಮೊಮ್ಮೆ ವಾರಗಟ್ಟಲೆ ಏನೂ ಆಗಲ್ಲ, ಒಮ್ಮೊಮ್ಮೆ ಹಾಕಿದ ದಿನಾನ ಹೋಗ್ತದ. ಹೆಚ್ಚಾಗಿ ಡಿಕ್ಕಿ ತೆಗೆದು ಅಕ್ಕಿ ಚೀಲ ಹಾಕಿದ ಮ್ಯಾಲ, ಇಲ್ಲಾಂದ್ರ ರಾತ್ರಿ ಹಂಪ್ ಮ್ಯಾಲ ಗಾಡಿ ಎಗರಿದಾಗ. ಫ್ಯೂಸ್ ಹೋದ್ರ ಮೀಟರ್ ಬೋರ್ಡಿನ ಲೈಟೂ ಆರಿ ಹೋಗ್ತದ. ಹೋದ ವರ್ಷ ರಿವರ್ಸ್ ಕ್ಯಾಮೆರಾ, ದೊಡ್ಡ ಸ್ಕ್ರೀನಿನ ಸ್ಟೀರಿಯೊ ಎರಡೂ ಹಾಕ್ಸೀನಿ. ಇಲ್ಲೇ ಒಬ್ರು 20ರ ಫ್ಯೂಸ್ ಹಾಕಿ ಕೊಟ್ರು, ನಾಕು ದಿನ ಚೊಲೊ ಇತ್ತು, ಮೊನ್ನೆ ಸುಟ್ಟ ವಾಸ್ನಿ ಬಂತು. ಇನ್ನೊಬ್ರು ಇಡೀ ವೈರಿಂಗ್ ಕಿಟ್ಟೇ ಬದಲಿಸ್ಬೇಕು ಅಂತಾರ. ಏನ್ ಮಾಡ್ಲಿ?

ಉತ್ತರ: ಮೊದ್ಲು ಎದ್ದು ಹೋಗಿ ಆ 20ರ ಫ್ಯೂಸ್ ಕಿತ್ತು ಬರ್ರಿ, ಉಳಿದದ್ದು ಆಮ್ಯಾಲ ಓದ್ರಿ.

ಫ್ಯೂಸ್ ಇರೋದು ಬಲ್ಬ್ ಕಾಯ್ಲಿಕ್ಕೆ ಅಂತ ಭಾಳ ಜನ ತಿಳ್ಕೊಂಡಾರ. ಅದು ಇರೋದು ವೈರ್ ಕಾಯ್ಲಿಕ್ಕೆ. ಟೇಲ್ ಲೈಟಿಗೆ ಹೋಗೋ ವೈರ್ ಅಂದ್ರ ಒಳಗಿನ ತಾಮ್ರ ಅರ್ಧ ಸ್ಕ್ವೇರ್ ಎಂಎಂ ಆಸುಪಾಸು ಇರ್ತದ, ತೆಳ್ಳಂದು, ಅದಕ್ಕ ಕಂಪನಿಯವ್ರು ಕೆಂಪು ಬಣ್ಣದ 10ರ ಫ್ಯೂಸ್ ಕೊಟ್ಟಿರ್ತಾರ. ಅಲ್ಲಿ ಹಳದಿ ಬಣ್ಣದ 20ರದ್ದು ಕೂಡಿಸಿದ್ರ ಏನಾಗ್ತದ ಅಂದ್ರ, ವೈರು ಗಾಡಿ ಬಾಡಿಯ ತಗಡಿಗೆ ಪೂರಾ ಒತ್ತಿ ತಾಗಿದ್ರ 20ಕ್ಕಿಂತ ಎಷ್ಟೋ ಜಾಸ್ತಿ ಆಂಪಿಯರ್ ಹರಿದು 20ರದ್ದೂ ಒಂದ ಕ್ಷಣದಾಗ ಹೋಗ್ತದ, ಅದ್ರಿಂದ ಅಷ್ಟು ಭಯ ಇಲ್ಲ. ಭಯ ಇರೋದು ಅರ್ಧಂಬರ್ಧ ತಾಗಿದಾಗ. ಎರಡು ಎಳಿ ತಾಮ್ರ ಮಾತ್ರ ಬಾಡಿಗೆ ಸವರಿಕೊಂಡು 15-18 ಆಂಪಿಯರ್ ಹರಿದ್ರ 10ರ ಫ್ಯೂಸ್ ಸ್ವಲ್ಪ ಹೊತ್ತಿನ್ಯಾಗ ಹೋಗಿ ಬಿಡ್ತಿತ್ತು, 20ರದ್ದು ಮಾತ್ರ ಸುಮ್ನ ಕುಂತು ನೋಡ್ತದ, ಆ ಕಡಿ ವೈರು ಕಾಯ್ಕೋತ ಕಾಯ್ಕೋತ ಮ್ಯಾಲಿನ ಪ್ಲಾಸ್ಟಿಕ್ ಕರಗಿಸಿಕೊಂಡು ಪಕ್ಕದ ವೈರಿಗೂ ಅಂಟ್ಕೋತದ. ನಿಮಗ ಬಂದ ವಾಸ್ನಿ ಅದೇ. ಫ್ಯೂಸಿಗೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತೋರು, ತಾಮ್ರದ ಎಳಿ ಕಟ್ಟೋರು ಇನ್ನೂ ಅದಾರ ನಮ್ಮ ಕಡಿ, ಅಂಥವ್ರ ಕೈಗೆ ಗಾಡಿ ಕೀಲಿ ಕೊಡಬ್ಯಾಡ್ರಿ.

ಇಡೀ ಕಿಟ್ ಬದಲಿಸೋ ಮಾತು ಈಗ ಬ್ಯಾಡ. ಕಿಟ್ ಬದಲಿಸೋದು ಅಂದ್ರ ಡ್ಯಾಶ್ ಬೋರ್ಡ್ ಬಿಚ್ಬೇಕು, ಸೀಟ್ ಎಬ್ಬಿಸ್ಬೇಕು, ಕಾರ್ಪೆಟ್ ಎತ್ಬೇಕು, ನೂರಾರು ಕ್ಲಿಪ್ ಮುರೀತಾವ, ಆಮ್ಯಾಲ ಗಾಡಿ ತುಂಬ ಲೊಡಲೊಡ ಸದ್ದು. ಅಷ್ಟು ಮಾಡಿದ್ರೂ ವೈರ್ ಕೊಯ್ಯೋ ತಗಡಿನ ಅಂಚು ಅಲ್ಲೇ ಇದ್ರ ಹೊಸ ಕಿಟ್ಟೂ ಆರು ತಿಂಗಳಿಗೆ ಅದೇ ಕಥಿ. ಶಾರ್ಟ್, ಅಂದ್ರ ಪ್ಲಸ್ ವೈರು ಬಾಡಿಗೆ ತಾಗೋದು, ಆಗಿರೋದು ಒಂದು ಇಂಚು ಜಾಗದಾಗ. ಆ ಒಂದು ಇಂಚು ಹುಡುಕೋದ ಕೆಲಸ.

ಸುಟ್ಟ ಫ್ಯೂಸ್ ಒಗ್ದಿಲ್ಲ ಅಂದ್ರ ಒಂದು ಬೆಳಕಿಗೆ ಹಿಡ್ದು ನೋಡ್ರಿ. ಒಳಗಿನ ಸಣ್ಣ ಪಟ್ಟಿ ನಡುವ ಅಚ್ಚುಕಟ್ಟಾಗಿ ತುಂಡಾಗಿ, ಪ್ಲಾಸ್ಟಿಕ್ ಸ್ವಚ್ಛ ಇದ್ರ ಅದು ನಿಧಾನಕ್ಕ ಕಾದು ಹೋಗ್ಯಾದ, ಅಂದ್ರ ಲೋಡ್ ಜಾಸ್ತಿ ಅಥವಾ ಅರೆಬರೆ ಶಾರ್ಟ್. ಒಳಗ ಕರ್ರಗಾಗಿ, ಲೋಹದ ಸಣ್ಣ ಹನಿ ಸಿಡಿದು ಗೋಡಿಗೆ ಅಂಟಿದ್ರ ಅದು ಪೂರಾ ಶಾರ್ಟ್, ಏಕ್ದಮ್ ಹೋಗಿದ್ದು. ನಿಮ್ಮ ಲಕ್ಷಣ ಕೇಳಿದ್ರ ಲೋಡ್ ಅಲ್ಲ, ಪೂರಾನೋ ಅರೆಬರೆನೋ ಶಾರ್ಟೇ ಇರ್ಬೇಕು ಅನಸ್ತದ. ಯಾಕಂದ್ರ ಲೆಕ್ಕ ಹಾಕ್ರಿ, ಟೇಲ್ ಲೈಟ್ ಎರಡು, ಮುಂದಿನ ಪಾರ್ಕಿಂಗ್ ಎರಡು, ನಂಬರ್ ಪ್ಲೇಟಿನವು ಎರಡು, ಒಂದೊಂದು 5 ವ್ಯಾಟ್ ಹಿಡಿದ್ರ 30 ವ್ಯಾಟ್, 12 ವೋಲ್ಟಿಗೆ ಎರಡೂವರೆ ಆಂಪಿಯರ್ ಆತು. ಮೀಟರ್ ಬೋರ್ಡ್, ಎಸಿ ಬಟನ್ ಲೈಟ್ ಸೇರಿಸಿದ್ರೂ 10ರ ಫ್ಯೂಸಿಗೆ ಬೇಕಾದಷ್ಟು ಜಾಗ ಉಳೀತದ. ಲೋಡ್ ಆಗಿ ಹೋಗೋ ಫ್ಯೂಸೇ ಅಲ್ಲ ಇದು, ಎಲ್ಲೋ ಪ್ಲಸ್ ವೈರು ಅರ್ತ್ (ಬ್ಯಾಟರಿ ಮೈನಸ್ಸಿಗೆ ಕೂಡಿದ ಬಾಡಿ ಇಲ್ಲಾ ಅದ್ರ ವೈರ್) ಮುಟ್ಟಲಿಕ್ಕತ್ತದ. (ಮೋಟರಿನ ಫ್ಯೂಸ್ ಆದ್ರ ಮಾತು ಬ್ಯಾರೆ. ಎಸಿ ಬ್ಲೋವರ್, ವೈಪರ್, ರೇಡಿಯೇಟರ್ ಫ್ಯಾನ್ ಇವೆಲ್ಲ ಬೇರಿಂಗ್ ಹಿಡ್ಕೊಂಡ್ರ ಕರೆಂಟ್ ಜಾಸ್ತಿ ಎಳ್ದು ಫ್ಯೂಸ್ ಹಾರಿಸ್ತಾವ, ಅಲ್ಲಿ ವೈರಿಗಿಂತ ಮೊದ್ಲು ಮೋಟರ್ ನೋಡ್ಬೇಕು.)

ಇನ್ನು ನೀವು ಬರ್ದಿದ್ರಾಗ ಭಾಳ ಮುಖ್ಯವಾದ ಮಾತು ಡಿಕ್ಕಿಂದು. ಡಿಕ್ಕಿ ತೆಗೆದು ಹಾಕಿದ ಮ್ಯಾಲ ಫ್ಯೂಸ್ ಹೋಗ್ತದ ಅಂದ್ರಿ. ಶಾರ್ಟ್ ಹುಡುಕೋವಾಗ ನಾ ಮೊದ್ಲು ನೋಡೋದು ಎರಡ ಜಾಗ: ವೈರು ಎಲ್ಲಿ ಅಲುಗಾಡ್ತದ, ಮತ್ತ ಕಂಪನಿ ಬಿಟ್ಟು ಬ್ಯಾರೆಯವ್ರ ಕೈ ಎಲ್ಲಿ ಆಡ್ಯಾದ. ನಿಮ್ಮ ಗಾಡ್ಯಾಗ ಡಿಕ್ಕಿ ಬಾಗ್ಲದಾಗ ಎರಡೂ ಕೂಡ್ಯಾವ, ಬಾಗ್ಲೂ ಅಲುಗಾಡ್ತದ, ಕ್ಯಾಮೆರಾ ಹಾಕಿದವ್ರ ಕೈಯೂ ಆಡ್ಯಾದ.

ಡಿಕ್ಕಿ ಪೂರಾ ಮ್ಯಾಲ ಎತ್ರಿ. ಕೀಲಿನ ಹತ್ರ ಬಾಡಿಯಿಂದ ಬಾಗ್ಲಿಗೆ ಹೋಗೋ ಒಂದು ಸುಕ್ಕುಸುಕ್ಕಾದ ರಬ್ಬರ್ ಪೈಪ್ ಕಾಣ್ತದ, ಅದ್ರ ಒಳಗ ಒಂದು ಕಟ್ಟು ವೈರ್ ಇರ್ತಾವ: ನಂಬರ್ ಪ್ಲೇಟ್ ಲೈಟ್, ಮ್ಯಾಲಿನ ಬ್ರೇಕ್ ಲೈಟ್, ಹಿಂದಿನ ವೈಪರ್ ಇದ್ರ ಅದು, ಡಿಕ್ಕಿ ಲಾಕ್, ಮತ್ತ ಅರ್ತಿಂದು ಕರಿ ವೈರ್. ನಂಬರ್ ಪ್ಲೇಟ್ ಲೈಟಿನ ವೈರ್ ಟೇಲ್ ಲೈಟ್ ಫ್ಯೂಸಿನ ಮ್ಯಾಲೇ ಇರೋದು, ಅದಕ್ಕ ಇಲ್ಲಿ ಶಾರ್ಟ್ ಆದ್ರ ಆ ಫ್ಯೂಸೇ ಹೋಗ್ತದ. ರಬ್ಬರಿನ ಎರಡೂ ತುದಿ ಮೆಲ್ಲಕ ಕಿತ್ತು ಹಿಂದ ಸರಿಸಿ ಒಂದೊಂದ ವೈರ್ ಬೆರಳಾಗ ಹಿಡ್ದು ಬಾಗಿಸಿ ನೋಡ್ರಿ. ನಮ್ಮ ಜಿಲ್ಲೆದಾಗ ಬಿಸಿಲು 40 ದಾಟೋದು ಮಾಮೂಲು, ವರ್ಷಗಟ್ಟಲೆ ಬಿಸಿಲಿಗೆ ನಿಂತ ಗಾಡಿ ಅಂದ್ರ ವೈರಿನ ಮ್ಯಾಲಿನ ಪ್ಲಾಸ್ಟಿಕ್ ಗಟ್ಟಿ ಆಗಿರ್ತದ, ಬಾಗ್ಲ ತೆಗೆದಾಗೊಮ್ಮೆ ಅದೇ ಜಾಗದಾಗ ಬಾಗಿ ಬಾಗಿ ಉಂಗುರದಂಗ ಸೀಳ್ತದ. ಸೀಳಿದ್ದು ಸುಮ್ನ ಕಣ್ಣಿಗೆ ಕಾಣಲ್ಲ, ಬಾಗಿಸಿದಾಗ ಮಾತ್ರ ಬಾಯಿ ಬಿಟ್ಟು ಒಳಗ ತಾಮ್ರ ಕಾಣ್ತದ, ಹಳೇದಾಗಿದ್ರ ತಾಮ್ರ ಹಸಿರು ಹಿಡ್ದಿರ್ತದ. ಇನ್ನೊಂದು, ವೈರ್ ಬಾಡಿಗೇ ತಾಗ್ಬೇಕು ಅಂತ ಏನಿಲ್ಲ, ಆ ಕಟ್ಟಿನೊಳಗ ಅರ್ತಿನ ಕರಿ ವೈರೂ ಪಕ್ಕದಾಗ ಸೀಳಿರ್ತದ, ಇವೆರಡು ಒಂದಕ್ಕೊಂದು ತಾಗಿದ್ರ ಸಾಕು, ತಗಡಿನ ಮ್ಯಾಲ ಎಲ್ಲೂ ಸುಟ್ಟ ಗುರ್ತು ಸಿಗಲ್ಲ, ಹುಡುಕಿ ಹುಡುಕಿ ತಲಿ ಕೆಡ್ತದ.

ಕ್ಯಾಮೆರಾ ಹಾಕೋರು ಏನ್ ಮಾಡ್ತಾರ ಅಂದ್ರ, ಅದೇ ರಬ್ಬರ್ ಒಳಗ ಇನ್ನೊಂದು ದಪ್ಪ ಕೇಬಲ್ ತುರುಕ್ತಾರ. ಜಾಗ ಇರಲ್ಲ, ರಬ್ಬರಿನ ತುದಿ ತಗಡಿನ ತೂತಿನೊಳಗ ಸರಿಯಾಗಿ ಕೂಡಂಗಿಲ್ಲ, ತಗಡಿನ ಅಂಚು ನೇರ ವೈರಿಗೆ ತಾಗ್ತದ. ಕ್ಯಾಮೆರಾ ಕೂಡಿಸೋದೂ ನಂಬರ್ ಪ್ಲೇಟ್ ಲೈಟಿನ ಪಕ್ಕದಾಗೇ, ಅಲ್ಲಿ ಹೊಡ್ದ ಸ್ಕ್ರೂ ಹಿಂದಿನ ವೈರ್ ಒಳಗ ಇಳಿದಿದ್ರೂ ಆಶ್ಚರ್ಯ ಇಲ್ಲ. ನಂಬರ್ ಪ್ಲೇಟ್ ಲೈಟಿನ ಹೋಲ್ಡರ್ ಬಿಚ್ಚಿ ಅದ್ರ ಹಿಂದ ಒಂದು ಟಾರ್ಚ್ ಬಿಟ್ಟು ನೋಡ್ರಿ, ನೀರು ಮಣ್ಣು ಹೊಕ್ಕು ಹೋಲ್ಡರೇ ತುಕ್ಕು ಹಿಡ್ದು ಒಳಗಿನ ನಾಲಿಗಿ ಬಾಗಿ ಬಾಡಿಗೆ ತಾಗಿರೋದೂ ಅದ.

ಎರಡನೇ ಅನುಮಾನ ಸ್ಟೀರಿಯೊ ಮ್ಯಾಲ. ಹಂಪ್ ಮ್ಯಾಲ ಎಗರಿದಾಗ ಹೋಗ್ತದ ಅಂದ್ರಲ್ಲ, ಅದು ಡಿಕ್ಕಿದೂ ಇರ್ಬಹುದು ಇದೂ ಇರ್ಬಹುದು. ಹೊರಗಿಂದ ತಂದು ಹಾಕೋ ಸ್ಟೀರಿಯೊದಾಗ ಹಳದಿ ವೈರ್ ಬ್ಯಾಟರಿದು, ಕೆಂಪು ಕೀಲಿದು, ಕರಿ ಅರ್ತ್, ಅವುಗಳ ಜೊತಿ ಕಿತ್ತಳಿ ಬಣ್ಣದ್ದು ಒಂದು ಇರ್ತದ, ಪಾರ್ಕಿಂಗ್ ಲೈಟ್ ಹಾಕಿದಾಗ ಸ್ಕ್ರೀನ್ ಮಂದ ಆಗ್ಲಿ ಅಂತ. ಆ ಕಿತ್ತಳಿ ವೈರ್ ಜೋಡಿಸಿರೋದು ನಿಮ್ಮ ಮೀಟರ್ ಬೋರ್ಡ್ ಲೈಟಿನ ಲೈನಿಗೆ, ಅಂದ್ರ ಇದೇ ಫ್ಯೂಸಿಗೆ. ಕಪ್ಲರ್ (ವೈರ್ ಜೋಡ್ಸೋ ಪ್ಲಾಸ್ಟಿಕ್ ಪ್ಲಗ್) ತಂದು ಹಾಕಿದ್ರ ಚೊಲೊ, ಇಲ್ಲಾಂದ್ರ ಎರಡು ವೈರ್ ಕೈಯಾಗ ತಿರುವಿ ಮ್ಯಾಲ ಕರಿ ಟೇಪ್ ಸುತ್ತಿರ್ತಾರ, ಎರಡು ಬೇಸಿಗಿ ಕಳೆದ್ರ ಟೇಪಿನ ಗೋಂದು ಕರಗಿ ಟೇಪ್ ತಾನೇ ಜಾರಿ ಕೆಳಗ ಇಳೀತದ, ಬರೇ ತಾಮ್ರ ಸ್ಟೀರಿಯೊದ ಕಬ್ಬಿಣದ ಫ್ರೇಮಿನ ಹಿಂದ ಜೋತಾಡ್ತಿರ್ತದ. ಕೆಲವು ಸೆಟ್ಟಿನ್ಯಾಗ ಕಿತ್ತಳಿ ವೈರ್ ಎಲ್ಲಿಗೂ ಜೋಡ್ಸದ ಗಾಡಿ ಕಡಿ ವೈರ್ ಹಂಗೇ ಕತ್ತರಿಸಿ ಬಿಟ್ಟಿರ್ತಾರ, ಅದಂತೂ ಇನ್ನೂ ಕೆಟ್ಟದ್ದು.

ಬಲ್ಬುಗಳನ್ನೂ ಒಮ್ಮೆ ಬಿಚ್ಚಿ ನೋಡ್ರಿ. ಕೆಲವು ಗಾಡ್ಯಾಗ ಹಿಂದ ಒಂದ ಬಲ್ಬಿನೊಳಗ ಎರಡು ತಂತಿ ಇರ್ತಾವ, 21 ವ್ಯಾಟಿಂದು ಬ್ರೇಕಿಗೆ, 5ರದ್ದು ಪಾರ್ಕಿಂಗಿಗೆ, ಅದ್ರ ಬುಡದಾಗ ಎರಡು ಚುಕ್ಕಿ, ಪಕ್ಕದ ಎರಡು ಮೊಳಿ ಒಂದು ಮ್ಯಾಲ ಒಂದು ಕೆಳಗ. ಅಲ್ಲಿ ಒಂದ ಚುಕ್ಕಿ ಇರೋ ಇಂಡಿಕೇಟರ್ ಬಲ್ಬ್ ಒತ್ತಿ ತಿರುವಿ ಕೂಡಿಸಿದ್ರ ಬ್ರೇಕ್ ಲೈನು ಪಾರ್ಕಿಂಗ್ ಲೈನು ಎರಡೂ ಕೂಡಿ ಬಿಡ್ತಾವ. ಲೈಟ್ ಆಫ್ ಇಟ್ಟು ಬ್ರೇಕ್ ತುಳೀರಿ, ಮೀಟರ್ ಬೋರ್ಡ್ ಲೈಟ್ ಹತ್ತಿದ್ರ ಇದೇ ತಪ್ಪು ಅಂತ ತಿಳ್ಕೋರಿ.

ಇಷ್ಟು ಕಣ್ಣಿಲೆ ನೋಡಿದ್ರೂ ಸಿಗ್ಲಿಲ್ಲ ಅಂದ್ರ ಆಗ ಸರಿಯಾಗಿ ಹುಡುಕೋ ಕೆಲಸ ಚಾಲೂ. ಇಲ್ಲಿ ಎಲ್ಲಾರೂ ಮಾಡೋದು ಏನಂದ್ರ, ಒಂದು ಡಬ್ಬಿ ಫ್ಯೂಸ್ ತಂದು ಒಂದು ಹಾಕೋದು, ಏನೋ ಒಂದು ಅಲುಗಾಡ್ಸೋದು, ಫ್ಯೂಸ್ ಹೋತು, ಇನ್ನೊಂದು ಹಾಕೋದು. ಹಿಂಗ ಮಾಡಿದ್ರ ಫ್ಯೂಸ್ ಹೋದ ಕೂಡ್ಲೇ ಶಾರ್ಟೂ ಮಾಯ ಆಗ್ತದ, ಏನೂ ತಿಳಿಯಂಗಿಲ್ಲ. ಶಾರ್ಟ್ ಜೀವಂತ ಇಟ್ಕೊಂಡು ಹುಡುಕ್ಬೇಕು. ಅದಕ್ಕ ಫ್ಯೂಸ್ ಜಾಗದಾಗ ಒಂದು ಬಲ್ಬ್ ಹಾಕ್ರಿ.

ಮಾಡೋದು ಹೆಂಗಂದ್ರ, ಸುಟ್ಟ ಫ್ಯೂಸ್ ಒಂದು ತಗೊಂಡು ಇಕ್ಕಳದಿಂದ ಮ್ಯಾಲಿನ ಪ್ಲಾಸ್ಟಿಕ್ ಸ್ವಲ್ಪ ಒಡೀರಿ, ಎರಡೂ ಕಾಲು ಒಂದಕ್ಕೊಂದು ತಾಗ್ದಂಗ ಬ್ಯಾರೆ ಬ್ಯಾರೆ ಇರ್ಲಿ. ಒಂದೊಂದ ಕಾಲಿಗೆ ಎರಡು ಮೀಟರ್ ಉದ್ದದ ವೈರ್ ಬೆಸುಗಿ ಹಾಕ್ರಿ, ಇನ್ನೊಂದು ತುದಿಗೆ ಹೋಲ್ಡರ್ ಸಮೇತ 21 ವ್ಯಾಟಿನ ಇಂಡಿಕೇಟರ್ ಬಲ್ಬ್. ಆತು ನಿಮ್ಮ ಟೆಸ್ಟ್ ಲೈಟ್. ಇದನ್ನ ಫ್ಯೂಸ್ ಜಾಗದಾಗ ಚುಚ್ಚಿ ಪಾರ್ಕಿಂಗ್ ಲೈಟ್ ಸ್ವಿಚ್ ಹಾಕಿದ್ರ, ಮುಂದ ಎಷ್ಟೇ ಶಾರ್ಟ್ ಇರ್ಲಿ, 21 ವ್ಯಾಟಿನ ಬಲ್ಬ್ ಪೌಣೆರಡು ಆಂಪಿಯರಿಗಿಂತ ಜಾಸ್ತಿ ಬಿಡಂಗಿಲ್ಲ. ವೈರ್ ಕಾಯಲ್ಲ, ಏನೂ ಸುಡಲ್ಲ. ಬಲ್ಬ್ ಮಾತ್ರ ಭಾಳ ಸುಡ್ತದ, ಸೀಟ್ ಮ್ಯಾಲ ಇಡಬ್ಯಾಡ್ರಿ, ಕನ್ನಡಿಗೆ ಜೋತು ಹಾಕ್ರಿ, ಡಿಕ್ಕಿ ಹತ್ರ ನಿಂತ್ರೂ ಕಾಣಂಗ. ಸ್ವಿಚ್ ಹಾಕೋಕ್ಕಿಂತ ಮೊದ್ಲು ಆ ಲೈನಿನ ಬಲ್ಬುಗಳನ್ನೆಲ್ಲ ಕಿತ್ತು ಇಡ್ರಿ, ಟೇಲ್, ಮುಂದಿನ ಪಾರ್ಕಿಂಗ್, ನಂಬರ್ ಪ್ಲೇಟ್ ಎಲ್ಲಾ. ಇಲ್ಲಾಂದ್ರ ಅವುಗಳ ಮೂಲಕ ಕರೆಂಟ್ ಹೋಗಿ ನಿಮ್ಮ ಟೆಸ್ಟ್ ಲೈಟ್ ಹತ್ತೇ ಹತ್ತತದ, ಶಾರ್ಟ್ ಅದ ಅಂತ ಸುಳ್ಳು ಹೇಳ್ತದ. ಮೀಟರ್ ಬೋರ್ಡ್ ಲೈಟ್ ಉಳೀತಾವ, ಅದಕ್ಕ ಸ್ವಲ್ಪ ಮಂಕಾಗಿ ಹತ್ತಿದ್ರೂ ಹತ್ತತದ, ಅದು ಲೆಕ್ಕಕ್ಕಿಲ್ಲ. ಫುಲ್ ಬೆಳಕು ಬಂದ್ರ ಶಾರ್ಟ್ ಅದ ಅಂತ ಅರ್ಥ.

ಮಲ್ಟಿಮೀಟರ್ ಇದ್ದವ್ರಿಗೂ ಇದೇ ಎಚ್ಚರ ಬೇಕು. ಬ್ಯಾಟರಿ ನೆಗೆಟಿವ್ ಬಿಚ್ಚಿ, ಫ್ಯೂಸ್ ಕಿತ್ತು, ಲೈಟ್ ಕಡಿ ಹೋಗೋ ಕಾಲಿಗೂ ಬಾಡಿಗೂ ಕಡ್ಡಿ ಹಚ್ಚಿದ್ರ ಮೀಟರ್ ಬೀಪ್ ಅಂತದ, ಕೂಡ್ಲೇ ಶಾರ್ಟ್ ಸಿಕ್ತು ಅಂತ ಕುಣೀತಾರ. ಬಲ್ಬಿನ ತಂತಿ ತಣ್ಣಗಿದ್ದಾಗ ಅದ್ರ ರೆಸಿಸ್ಟನ್ಸ್ ಉರಿಯೋವಾಗ ಇರೋದ್ರ ಹತ್ತನೇ ಒಂದು ಭಾಗದಷ್ಟೇ ಇರ್ತದ. 5 ವ್ಯಾಟಿನ ಬಲ್ಬ್ ಉರಿಯೋವಾಗ 29 ಓಮ್ ಆಸುಪಾಸು, ತಣ್ಣಗಿದ್ರ ಎರಡು-ಮೂರು ಓಮ್. ಅಂಥವು ಆರು ಬಲ್ಬ್ ಗಾಡ್ಯಾಗ ಇರೋಹಂಗ ಪ್ಯಾರಲಲ್ ಆಗಿ ಕೂಡಿದ್ರ ಅರ್ಧ ಓಮಿಗೆ ಬರ್ತದ, ಮೀಟರ್ ಪಾಪ ಬೀಪ್ ಅನ್ನದ ಏನ್ ಮಾಡೀತು. ಬಲ್ಬ್ ಎಲ್ಲಾ ಕಿತ್ತ ಮ್ಯಾಲ ಬೀಪ್ ಅಂದ್ರ ಮಾತ್ರ ನಂಬ್ರಿ. ಅದೂ ಅಲ್ದ ನಿಮ್ದು ಬಂದು ಹೋಗೋ ಶಾರ್ಟ್, ಮೀಟರ್ ಹಿಡ್ದಾಗ ಇರಂಗಿಲ್ಲ, ನಿಮಗ ಬಲ್ಬೇ ಚೊಲೊ.

ಈಗ ಬಲ್ಬ್ ಹಾಕಿ ಲೈಟ್ ಸ್ವಿಚ್ ಹಾಕೀರಿ, ಬಲ್ಬ್ ಹತ್ತಲಿಲ್ಲ ಅಂದ್ರ ಶಾರ್ಟ್ ಈಗ ಇಲ್ಲ ಅಂತ. ಇನ್ನೊಬ್ರನ್ನ ಬಲ್ಬ್ ನೋಡ್ಲಿಕ್ಕೆ ಕೂಡ್ಸಿ ನೀವು ಡಿಕ್ಕಿ ತೆಗೀರಿ, ಹಾಕ್ರಿ, ರಪ್ಪಂತ ಹಾಕ್ರಿ, ರಬ್ಬರ್ ಪೈಪ್ ಹಿಂಡ್ರಿ, ಎಳೀರಿ, ಡಿಕ್ಕಿಯೊಳಗ ಎಡಕ್ಕ ಬಲಕ್ಕ ಟೇಲ್ ಲೈಟಿನ ಹಿಂದಿನ ವೈರ್ ಅಲುಗಾಡ್ಸ್ರಿ, ಚೀಲ ತಾಗೋ ಜಾಗ ಅದು, ಸೈಡಿನ ಫೈಬರ್ ಕವರ್ ಹಿಂದ ವೈರ್ ಒತ್ತಿ ಹೋಗಿರ್ತದ. ಆಮ್ಯಾಲ ಸ್ಟೀರಿಯೊ ಮ್ಯಾಲ ಅಂಗೈಲೆ ಬಡೀರಿ, ಡ್ಯಾಶ್ ಬೋರ್ಡ್ ಕೆಳಗ ಕೈ ಹಾಕಿ ಕಟ್ಟು ಅಲುಗಾಡ್ಸ್ರಿ, ಗಾಡಿ ಹಿಂದಿಂದ ಒತ್ತಿ ಕುಣಿಸ್ರಿ. ಯಾವುದಕ್ಕ ಬಲ್ಬ್ ಮಿಣುಕ್ತದೋ ಅಲ್ಲಿಗೆ ನಿಲ್ರಿ, ಕೈ ತೆಗೀಬ್ಯಾಡ್ರಿ, ಸಾವಕಾಶ ಅದೇ ಜಾಗ ಬೆರಳಿನ್ಯಾಗ ಸಣ್ಣದು ಮಾಡ್ಕೋತ ಹೋಗ್ರಿ.

ಬಲ್ಬ್ ಪೂರಾ ಹತ್ತಿ ಹಂಗೇ ನಿಂತ್ರ ಇನ್ನೂ ಸುಲಭ. ನೀವು ತುಂಗಭದ್ರಾ ಎಡದಂಡೆ ಕಾಲುವಿ ನೀರು ಕಂಡವ್ರು, ಉಪಕಾಲುವಿ ಎಲ್ಲಿ ಸೋರ್ತದ ಅಂತ ಹುಡುಕೋವಾಗ ಒಂದೊಂದ ತೂಬು ಮುಚ್ಚಿ ನೋಡ್ತಾರಲ್ಲ, ಇದೂ ಹಂಗೇ. ವೈರಿನ ದಾರಿ ಹೆಚ್ಚುಕಡಿಮಿ ಎಲ್ಲಾ ಗಾಡ್ಯಾಗೂ ಒಂದೇ: ಫ್ಯೂಸ್ ಬಾಕ್ಸಿಂದ ಡ್ಯಾಶ್ ಬೋರ್ಡ್ ಕೆಳಗ, ಅಲ್ಲಿಂದ ಬಾಗ್ಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಅಡಿಗೆ ಹಿಂದಕ್ಕ, ಹಿಂದಿನ ಚಕ್ರದ ಮ್ಯಾಲಿಂದ ಟೇಲ್ ಲೈಟಿಗೆ, ಅಲ್ಲಿಂದ ಒಂದು ಕವಲು ಮ್ಯಾಲ ಹತ್ತಿ ಡಿಕ್ಕಿ ಬಾಗ್ಲಿಗೆ. ನಡುವಿನ ಕಪ್ಲರ್ ಕೀಳ್ರಿ. ಬಲ್ಬ್ ಆರಿದ್ರ ಶಾರ್ಟ್ ಆ ಕಪ್ಲರ್ ಆಚಿಗೆ, ಆರಲಿಲ್ಲಾಂದ್ರ ಈಚಿಗೆ. ಉಳಿದ ಭಾಗದ ನಡುವಿನ ಕಪ್ಲರ್ ಕೀಳ್ರಿ. ಮೂರು-ನಾಕು ಕಪ್ಲರಿನ್ಯಾಗ ಎರಡು ಮೊಳದ ಜಾಗಕ್ಕ ಬಂದು ನಿಲ್ತೀರಿ, ಅಷ್ಟು ಉದ್ದಕ್ಕ ಮಾತ್ರ ಟೇಪ್ ಬಿಚ್ಚಿದ್ರ ಸಾಕು. ಮೊದಲನೇದಾಗಿ ಸ್ಟೀರಿಯೊ ಕಿತ್ತು ಹೊರಗ ಇಟ್ಟು ನೋಡ್ರಿ, ಬಲ್ಬ್ ಆರಿತು ಅಂದ್ರ ಕಾರ್ಪೆಟ್ ಎತ್ತೋ ಕೆಲಸವೇ ಬೀಳಂಗಿಲ್ಲ.

ಕಾರ್ಪೆಟ್ ಅಡಿಗೆ ಹೋದ ವೈರಿಗೆ ಒಂದು ಹಳೇ ಉಪಾಯ ಅದ. ಟೆಸ್ಟ್ ಲೈಟಿನ ಜೊತಿ ಸಾಲಿಗೆ ಒಂದು ಇಂಡಿಕೇಟರ್ ಫ್ಲಾಶರ್ (ಇಂಡಿಕೇಟರ್ ಮಿಣುಕ್ಸೋ ಸಣ್ಣ ಡಬ್ಬಿ) ಸೇರ್ಸಿ, ಬಲ್ಬ್ ಮಿಣುಕ್ತದ. ಸಣ್ಣ ದಿಕ್ಸೂಚಿ, ಅಂಗಡ್ಯಾಗ ಮಕ್ಕಳಿಗೆ ಸಿಗೋವಂಥದ್ದು, ವೈರ್ ಹೋದ ದಾರಿ ಮ್ಯಾಲ ಸರಿಸ್ಕೋತ ಹೋಗ್ರಿ. ಬಲ್ಬ್ ಮಿಣುಕಿದಾಗೊಮ್ಮೆ ಮುಳ್ಳು ಅಲುಗಾಡ್ತದ, ಶಾರ್ಟ್ ಆದ ಜಾಗ ದಾಟಿದ ಮ್ಯಾಲ ಸುಮ್ನಾಗ್ತದ. ಮುಳ್ಳು ಅಷ್ಟು ಅಲುಗಾಡಲಿಲ್ಲ ಅಂದ್ರ 21ರ ಬದ್ಲಿ 55 ವ್ಯಾಟಿನ ಬಲ್ಬ್ ಹಾಕ್ರಿ. ಆದ್ರ ಪ್ಲಸ್ ವೈರು ಪಕ್ಕದ ಅರ್ತ್ ವೈರಿಗೇ ತಾಗಿದ್ರ ಹೋಗೋ ಕರೆಂಟು ಬರೋ ಕರೆಂಟು ಎರಡೂ ಒಂದ ಕಟ್ಟಿನ್ಯಾಗ ಇರ್ತಾವ, ಒಂದನ್ನೊಂದು ಹೊಡ್ದು ಹಾಕ್ತಾವ, ಮುಳ್ಳು ಎಲ್ಲೂ ಅಲುಗಾಡಲ್ಲ. ಆಗ ಉಪಾಯ ಕೆಟ್ಟದ್ದು ಅಂತ ಬೈಬ್ಯಾಡ್ರಿ.

ಇಲಿ ವಿಷಯ ಹೇಳದಿದ್ರ ಸಿಂಧನೂರಿನವ್ರಿಗೆ ಉತ್ತರ ಕೊಟ್ಟಂಗೇ ಅಲ್ಲ. ಸಿಂಧನೂರು, ಕಾರಟಗಿ, ಗಂಗಾವತಿ ಕಡಿ ನೆಲ್ಲು, ಮಿಲ್ಲು, ಗೋದಾಮು ಎಲ್ಲಿ ನೋಡಿದ್ರೂ ಅದಾವ, ಆ ಕಡಿಂದ ಬರೋ ಗಾಡಿಗಳ ಬಾನೆಟ್ ಎತ್ತಿದ್ರ ಇಂಜಿನ್ ಮ್ಯಾಲ ಹಿಕ್ಕಿ, ಏರ್ ಫಿಲ್ಟರ್ ಡಬ್ಬಿಯೊಳಗ ನೆಲ್ಲಿನ ಹೊಟ್ಟು. ಇಲಿ ಹಲ್ಲು ಬೆಳೀತಾನೇ ಇರ್ತಾವ, ಕಡೀದಿದ್ರ ಅದಕ್ಕ ಬದುಕಿಲ್ಲ. ಅದು ಕಡ್ದ ವೈರ್ ಗುರ್ತು ಸಿಗ್ತದ, ಮ್ಯಾಲಿನ ಪ್ಲಾಸ್ಟಿಕ್ ಪುಡಿ ಕೆಳಗ ಬಿದ್ದಿರ್ತದ, ತಾಮ್ರ ಹೊಳೀತಿರ್ತದ, ಹಲ್ಲಿನ ಎರಡೆರಡು ಗೀರು. ನಿಮ್ಮ ಮುಂದಿನ ಪಾರ್ಕಿಂಗ್ ಲೈಟಿನ ವೈರೂ ಇದೇ ಫ್ಯೂಸಿಂದು ಅಂತ ನೆನಪಿರ್ಲಿ, ಹೆಡ್ ಲೈಟ್ ಹಿಂದ ಒಮ್ಮೆ ನೋಡೇ ಬಿಡ್ರಿ. ಡಿಕ್ಕಿಯೊಳಗ ಅಕ್ಕಿ ಚೀಲ ರಾತ್ರಿ ಹಂಗೇ ಬಿಟ್ರ ನೀವೇ ಕರದಂಗ ಆತು, ಚೀಲ ಇಳಿಸಿದ ಮ್ಯಾಲ ಉದುರಿದ ಕಾಳೂ ಗುಡಿಸ್ರಿ. ನ್ಯಾಫ್ತಲಿನ್ ಗುಳಿಗಿ ಕಟ್ಟೋರು ಭಾಳ ಮಂದಿ, ಇಂಜಿನ್ ಕಾವಿಗೆ ಅದು ಆವಿ ಆಗಿ ಮುಗ್ದೇ ಹೋಗ್ತದ.

ಸಿಕ್ಕ ಮ್ಯಾಲ ರಿಪೇರಿ ಹೆಂಗ ಮಾಡಿಸ್ತೀರಿ ಅನ್ನೋದ್ರಾಗ ಅರ್ಧ ಕೆಲಸ ಅದ. ಡಿಕ್ಕಿ ರಬ್ಬರ್ ಒಳಗೇ ವೈರ್ ಸೀಳಿದ್ರ ಸೀಳಿದ ಜಾಗಕ್ಕ ಟೇಪ್ ಸುತ್ತಿ ಕಳಿಸೋರು ಅದಾರ, ಬ್ಯಾಡ. ಅಲ್ಲೇ ಬೆಸುಗಿ ಹಾಕೋದೂ ಬ್ಯಾಡ, ಬೆಸುಗಿ ಹಾಕಿದ ಜಾಗ ಕಡ್ಡಿ ಆಗ್ತದ, ಬಾಗ್ಲ ತೆಗೆದಾಗ ಆ ಕಡ್ಡಿ ಮುಗಿಯೋ ಜಾಗದಾಗ ಪಟ್ಟಂತ ಮುರೀತದ. ರಬ್ಬರಿನ ಎರಡೂ ಕಡಿ, ಬಾಡಿ ಒಳಗ ಒಂದು, ಬಾಗ್ಲದ ಒಳಗ ಒಂದು, ವೈರ್ ಅಲುಗಾಡದ ಜಾಗದಾಗ ಕತ್ತರ್ಸಿ ನಡುವ ಹೊಸ ಮೆತ್ತನ್ನ ವೈರ್ ಹಾಕ್ಸ್ರಿ, ಸಣ್ಣ ಎಳಿ ಭಾಳ ಇರೋವಂಥದ್ದು, ದಪ್ಪ ಹಳೇದಕ್ಕ ಕಡಿಮಿ ಇರಬಾರ್ದು. ಒಂದು ಸೀಳ್ಯಾದ ಅಂದ್ರ ಪಕ್ಕದವೂ ಸೀಳೋ ಹೊತ್ತು ಬಂದದ, ಆ ಕಟ್ಟಿನ ಎಲ್ಲಾ ವೈರೂ ಒಮ್ಮೆಗೇ ಬದಲಿಸ್ರಿ, ಮತ್ತ ಆರು ತಿಂಗಳಿಗೆ ಡಿಕ್ಕಿ ಲಾಕ್ ಕೆಲಸ ಮಾಡ್ತಿಲ್ಲ ಅಂತ ಬರೋದು ತಪ್ತದ. ಜಾಯಿಂಟುಗಳನ್ನ ಒಂದ ಸಾಲಿನ್ಯಾಗ ಮಾಡ್ದಂಗ ಒಂದೊಂದು ಇಂಚು ಹಿಂದ ಮುಂದ ಮಾಡ್ರಿ. ಮ್ಯಾಲ ಕಾವು ಕೊಟ್ರ ಕುಗ್ಗೋ ಸ್ಲೀವ್ ಹಾಕ್ಸ್ರಿ, ಬೆಸುಗಿ ಹಾಕೋಕ್ಕಿಂತ ಮೊದ್ಲೇ ವೈರಿನ್ಯಾಗ ಏರಿಸಿ ಇಟ್ಕೋಬೇಕು. ಕ್ಯಾಮೆರಾ ಕೇಬಲ್ಲಿಗೆ ರಬ್ಬರಿನ್ಯಾಗ ಜಾಗ ಇಲ್ಲಾಂದ್ರ ಬ್ಯಾರೆ ದಾರಿ ಮಾಡ್ಸ್ರಿ, ತಗಡಿಗೆ ಹೊಸ ತೂತು ಹೊಡೆದ್ರ ಅದಕ್ಕ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಕೂಡ್ಸೋ ಉಂಗುರ) ಇಲ್ದ ಬಿಡಬ್ಯಾಡ್ರಿ.

ಆ 20ರ ಫ್ಯೂಸ್ ಮಾಡಿದ ಹಾನಿ ಎಷ್ಟು ಅಂತಾನೂ ನೋಡ್ಲೇಬೇಕು. ಶಾರ್ಟ್ ಆದ ಜಾಗದಿಂದ ಫ್ಯೂಸ್ ಬಾಕ್ಸ್ ತನಕ ಆ ಒಂದು ವೈರು ಅಲ್ಲಲ್ಲಿ ಮುಟ್ಟಿ ನೋಡ್ರಿ. ಮೆತ್ತಗ ಇದ್ರ ತೊಂದ್ರಿ ಇಲ್ಲ. ಕಡ್ಡಿಯಂಗ ಗಟ್ಟಿ ಆಗಿದ್ರ, ಗುಳ್ಳಿ ಎದ್ದಿದ್ರ, ಪಕ್ಕದ ವೈರಿಗೆ ಅಂಟಿದ್ರ ಅಷ್ಟು ಉದ್ದ ಹೊಸಾದು ಎಳಿಸ್ರಿ. ದುಡ್ಡು ಖರ್ಚು ಮಾಡೋದಿದ್ರ ಇಲ್ಲಿ ಮಾಡ್ರಿ. ಫ್ಯೂಸ್ ಬಾಕ್ಸಿನ ಆ ಎರಡು ಸೀಳೂ ನೋಡ್ರಿ, ಕಾದು ಸಡಿಲ ಆಗಿದ್ರ ಹೊಸ ಫ್ಯೂಸ್ ಅಲ್ಲೇ ಸುಡ್ತದ.

ಕೈ ಹಾಕಬಾರದ್ದು ಒಂದೆರಡು. ಹಳದಿ ಬಣ್ಣದ ಕಪ್ಲರ್, ಹಳದಿ ಪೈಪಿನ ವೈರ್ ಕಂಡ್ರ ಅದು ಏರ್ ಬ್ಯಾಗಿಂದು, ಅದಕ್ಕ ಬಲ್ಬ್ ಚುಚ್ಚೋದು ಮೀಟರ್ ಹಚ್ಚೋದು ಏನೂ ಮಾಡಬ್ಯಾಡ್ರಿ. ಇಂಜಿನ್ ಕಂಪ್ಯೂಟರಿನ ವೈರಿಗೂ ಬಲ್ಬ್ ಹಚ್ಚಬಾರ್ದು. ಈಚಿನ ಕೆಲವು ಗಾಡ್ಯಾಗ ಲೈಟುಗಳನ್ನ ಕಂಪ್ಯೂಟರೇ ನೇರ ನಡಸ್ತದ, ಫ್ಯೂಸ್ ಹೋಗೋದ್ರ ಬದ್ಲಿ ಅದೇ ಲೈನ್ ಬಂದ್ ಮಾಡ್ತದ, ಅಂಥ ಗಾಡಿಗೆ ಈ ಬಲ್ಬಿನ ಉಪಾಯ ನಡ್ಯಂಗಿಲ್ಲ, ಸ್ಕ್ಯಾನರ್ ಇದ್ದವ್ರ ಹತ್ರ ಹೋಗ್ರಿ. ನಿಮ್ದು ಫ್ಯೂಸ್ ಹೋಗೋ ಗಾಡಿ, ಚಿಂತಿ ಇಲ್ಲ.

ಮಿಸ್ತ್ರಿ ಹತ್ರ ಹೋದ್ರ ಫ್ಯೂಸ್ ಹೋಗ್ತದ ನೋಡ್ರಿ ಅಂತ ಅಷ್ಟೇ ಹೇಳಿ ಬಿಟ್ಟು ಬರಬ್ಯಾಡ್ರಿ, ನನಗ ಬರ್ದಂಗೇ ಹೇಳ್ರಿ: ಡಿಕ್ಕಿ ತೆಗೆದಾಗ ಹೋಗ್ತದ, ಹಂಪ್ ಮ್ಯಾಲ ಹೋಗ್ತದ, ಕ್ಯಾಮೆರಾ ಮತ್ತ ಸ್ಟೀರಿಯೊ ಹೋದ ವರ್ಷ ಹಾಕ್ಸಿದ್ದು. ಅಷ್ಟು ಕೇಳಿದ್ರ ಬಲ್ಲವ ಸೀದಾ ಡಿಕ್ಕಿ ಕಡಿ ನಡೀತಾನ. ಅದು ಕೇಳಿಯೂ ಕಿಟ್ ಬದಲಿಸ್ಬೇಕು ಅಂದ್ರ ಬ್ಯಾರೆಯವ್ರನ್ನ ನೋಡ್ರಿ.

ಅಲ್ಲೀತನಕ ರಾತ್ರಿ ಗಾಡಿ ಹೊರಗ ತೆಗೀಬೇಕಾದ್ರ ಟೇಲ್ ಲೈಟ್ ಇಲ್ದ ಹೋಗಬ್ಯಾಡ್ರಿ, ನೆಲ್ಲಿನ ಸುಗ್ಗ್ಯಾಗ ರೋಡಿನ ಮ್ಯಾಲ ಟ್ರ್ಯಾಕ್ಟರ್ ಎಷ್ಟು ಓಡಾಡ್ತಾವ ನಿಮಗೇ ಗೊತ್ತು. ಡಿಕ್ಕಿ ಬಾಗ್ಲಿಗೆ ಹೋಗೋ ಕಪ್ಲರ್ ಹಿಂದಿನ ಕವರ್ ಒಳಗ ಸಿಗ್ತದ, ಅದನ್ನ ಕಿತ್ತು ಇಡ್ರಿ. ಸ್ಟೀರಿಯೊ ಹಿಂದಿನ ಕಿತ್ತಳಿ ವೈರಿನ ಜಾಯಿಂಟ್ ಬಿಚ್ಚಿ ಎರಡೂ ತುದಿಗೆ ಬ್ಯಾರೆ ಬ್ಯಾರೆ ಸ್ಲೀವ್ ಹಾಕ್ರಿ. ಆಮ್ಯಾಲ ಕೆಂಪು 10ರ ಫ್ಯೂಸ್ ಹಾಕ್ರಿ. ನಂಬರ್ ಪ್ಲೇಟ್ ಲೈಟ್, ಡಿಕ್ಕಿ ಲಾಕಿನ ಬಟನ್, ಮ್ಯಾಲಿನ ಬ್ರೇಕ್ ಲೈಟ್ ಕೆಲಸ ಮಾಡಂಗಿಲ್ಲ, ಕೆಳಗಿನ ಟೇಲ್ ಲೈಟ್, ಬ್ರೇಕ್ ಲೈಟ್ ಎರಡೂ ಕಡಿ ಹತ್ತತಾವ. ನಂಬರ್ ಪ್ಲೇಟ್ ಲೈಟ್ ಇಲ್ಲಾಂದ್ರ ಪೊಲೀಸರು ಕೇಳ್ಬಹುದು, ಅದಕ್ಕ ಇದನ್ನ ತಿಂಗಳುಗಟ್ಟಲೆ ಎಳೀಬ್ಯಾಡ್ರಿ. ಹಿಂಗ ಓಡಿಸಿ ಫ್ಯೂಸ್ ಉಳೀತು ಅಂದ್ರ ಡಿಕ್ಕಿ ಕಪ್ಲರ್ ಒಂದನ್ನ ಮಾತ್ರ ತಿರುಗಿ ಹಾಕಿ ಓಡಿಸ್ರಿ. ಹೋತು ಅಂದ್ರ ಡಿಕ್ಕಿ, ಹೋಗ್ಲಿಲ್ಲಾಂದ್ರ ಅನುಮಾನ ಸ್ಟೀರಿಯೊ ಮ್ಯಾಲ.